ಚಾಂಪಿಯನ್ ರೀಫ್ಸ್‌ನ ನೀರಿಗೊಂದು ಅಳತೆ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ ಊರ್ಗಾಂ ದಾಟಿದರೆ ಚಾಂಪಿಯನ್ ನಿಲ್ದಾಣ. ಅಲ್ಲಿ ನಿಮ್ಮ ಕಣ್ಣು ಸೆಳೆಯುವುದು ಬೂದು ಬಣ್ಣದ ಬೋಳು ದಿಬ್ಬಗಳು. ಹೊಸಬರು ಅವನ್ನು ಗುಡ್ಡಗಳೆಂದೇ ತಿಳಿಯುತ್ತಾರೆ. ಊರವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿ ಮತ್ತು ಅದರ ನೆರೆಯ ಗಣಿಗಳ ಅದಿರನ್ನು ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿ ಅದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಹುಡಿ ಮಾತ್ರ ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ಗಾಳಿಗೆ ಹಾರುತ್ತದೆ, ಮಳೆಗಾಲದಲ್ಲಿ ನೀರಿನೊಂದಿಗೆ ಹರಿಯುತ್ತದೆ.

ನೀರು ಎಷ್ಟು ಕಲಕಿದೆಯೆಂದು ಮಕ್ಕಳಿಗೆ ಅಳೆದು ನೋಡಲು ಕಲಿಸುವುದಾದರೆ ಇದಕ್ಕಿಂತ ತಕ್ಕ ಊರು ಸಿಗಲಾರದು. ಖರ್ಚೂ ಹೆಚ್ಚಿಲ್ಲ. 1865ರಲ್ಲಿ ಇಟಲಿಯ ಪಾದ್ರಿಯೂ ಖಗೋಳ ವಿಜ್ಞಾನಿಯೂ ಆಗಿದ್ದ ಏಂಜೆಲೊ ಸೆಕ್ಕಿ ಎಂಬವರು ಸಮುದ್ರಕ್ಕೆ ಬಿಳಿ ತಟ್ಟೆ ಇಳಿಸಿ, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆಂದು ನೋಡಿದರು. ಇಂದಿಗೂ ಕೆರೆಗಳಲ್ಲಿ ಅದೇ ಉಪಾಯ ನಡೆಯುತ್ತದೆ. ಆದರೆ ಮಕ್ಕಳನ್ನು ಬಾವಿ ಕೆರೆಗಳಿಗೆ ಬಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ. ನೀರನ್ನೇ ಬಕೆಟ್ಟಿನಲ್ಲಿ ಶಾಲೆಗೆ ತನ್ನಿ.

ಎರಡಡಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಸಾಕು. ಒಂದು ತುದಿಯನ್ನು ಬಿರಡೆಯಿಂದ ಬಿಗಿಯಾಗಿ ಮುಚ್ಚಿ. ಬಿರಡೆಯ ಒಳಮುಖವನ್ನು ನಾಲ್ಕು ಭಾಗ ಮಾಡಿ ಎದುರುಬದುರಾಗಿ ಕಪ್ಪು ಬಿಳಿ ಬಣ್ಣ ಬಳಿಯಿರಿ. ಹೊರಗಡೆ ಸೆಂಟಿಮೀಟರ್ ಪಟ್ಟಿ ಅಂಟಿಸಿ. ಬಕೆಟ್ಟಿನ ನೀರನ್ನು ಕಲಕಿ, ನೆರಳಿನಲ್ಲಿ ನಿಂತು, ಮೇಲಿನಿಂದ ನೋಡುತ್ತಾ ನಿಧಾನವಾಗಿ ಸುರಿಯಿರಿ. ಗುರುತು ಮರೆಯಾದ ಎತ್ತರವೇ ನಿಮ್ಮ ಅಳತೆ. ನೀರು ತಿಳಿಯಾದಷ್ಟೂ ಅಂಕಿ ದೊಡ್ಡದು. ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆಯಲಿ, ಸರಾಸರಿ ತೆಗೆಯಿರಿ. ಕೆ.ಜಿ.ಎಫ್.ನ ತರಗತಿಯಲ್ಲಿ ಉರ್ದು ಮಾತಾಡುವವನು 'ಗದ್ಲಾ' ಎನ್ನುತ್ತಾನೆ, ತಮಿಳಿನವಳು 'ಕಲಂಗಲ್' ಎನ್ನುತ್ತಾಳೆ. ಎಷ್ಟು ಗದ್ಲಾ ಎಂಬ ವಾದಕ್ಕೆ ಅಂತ್ಯವಿಲ್ಲ. ಹದಿನೆಂಟು ಸೆಂಟಿಮೀಟರ್ ಎಂದರೆ ಎಲ್ಲರಿಗೂ ಒಂದೇ.

ಅದೇ ನೀರನ್ನು ರಾತ್ರಿಯಿಡೀ ಅಲುಗಾಡದಂತೆ ಇಟ್ಟು, ಮೇಲಿನ ನೀರನ್ನು ಮೆಲ್ಲನೆ ಬಸಿದು ಮರುದಿನ ಮತ್ತೆ ಅಳೆಯಿರಿ. ದಪ್ಪ ಮರಳು ತಳ ಸೇರಿರುತ್ತದೆ, ನುಣುಪಾದ ಹುಡಿ ಇನ್ನೂ ತೇಲುತ್ತಿರಬಹುದು. ಅಂಥ ಕಣಗಳ ಮರೆಯಲ್ಲಿ ರೋಗಾಣುಗಳು ಕ್ಲೋರಿನ್‌ನಿಂದ ತಪ್ಪಿಸಿಕೊಳ್ಳುತ್ತವೆಂಬುದನ್ನು ಆಗ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ನಾಟುತ್ತದೆ.

ಆದರೆ ಗುರುತು ಸ್ಪಷ್ಟವಾಗಿ ಕಾಣುವ ನೀರನ್ನು ನೋಡಿ 'ಇದು ಕುಡಿಯಬಹುದು' ಎಂದು ಮಗು ಹೇಳಿದರೆ ಪಾಠವನ್ನು ಅಲ್ಲಿಗೇ ನಿಲ್ಲಿಸಬೇಡಿ. ಮದ್ರಸದಲ್ಲಿ ಫಿಕ್ಹ್ ಪಾಠ ಆರಂಭವಾಗುವುದೇ ನೀರಿನ ಶುದ್ಧಿಯಿಂದ. ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡಲು ಅಲ್ಲಿ ಕಲಿಯುತ್ತೇವೆ. ವುಝೂವಿನ ನೀರಿಗೆ ಆ ಪರೀಕ್ಷೆ. ಕುಡಿಯುವ ನೀರಿನ ಆರೋಗ್ಯದ ಪ್ರಶ್ನೆ ಅಲ್ಲಿಗೆ ಮುಗಿಯದು. ಕೋಲಾರ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳ ನೀರು ಕನ್ನಡಿಯಂತಿದ್ದರೂ ಅದರಲ್ಲಿ ಫ್ಲೋರೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಾಣಿಸಿಕೊಳ್ಳುವುದು ವರ್ಷಗಳ ನಂತರ, ಮಕ್ಕಳ ಹಲ್ಲಿನ ಕಲೆಗಳಲ್ಲಿ, ದೊಡ್ಡವರ ಕೀಲುನೋವಿನಲ್ಲಿ. ಲೀಟರಿಗೆ 1 ಮಿಲಿಗ್ರಾಂ ಸಾಕು, ಬೇರೆ ನೀರೇ ಇಲ್ಲದಿದ್ದರೆ 1.5ರ ವರೆಗೆ ಎಂಬುದು ಭಾರತೀಯ ಮಾನಕ. ಕುದಿಸಿದರೂ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆಂಬುದನ್ನು ತಾಯಂದಿರು ಮುಖ್ಯವಾಗಿ ತಿಳಿದಿರಬೇಕು.

ಹಾಗಾಗಿ ಮಕ್ಕಳ ನೋಟ್‌ಬುಕ್ಕಿನಲ್ಲಿ ಸೆಂಟಿಮೀಟರಿನ ಪಕ್ಕದಲ್ಲೇ ಇನ್ನೊಂದು ಕಲಂ ಗೀಚಿಸಿ. ಅದೇ ಬೋರ್‌ವೆಲ್‌ನ ನೀರನ್ನು ಶುದ್ಧವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಸಿ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಕೊಡಿ. ಫ್ಲೋರೈಡ್ ಎಷ್ಟೆಂದು ಕೇಳಿ. ಬಂದ ಅಂಕಿಯನ್ನು ಮಕ್ಕಳ ಕೈಯಿಂದಲೇ ಬರೆಸಿ. ಅದು ಬರುವ ತನಕ ಆ ಕಲಂ ಖಾಲಿಯೇ ಇರಲಿ.