ಪೊಟ್ಟಣದ ಮೇಲಿನ ವಿಳಾಸ

ನಮ್ಮ ಮನೆಯ ಗೋಡೆ ಬೀರುವಿನಲ್ಲಿ ಒಂದು ಶೀಲ್ಡ್ ಇದೆ. ಅದರ ಹೊಳಪು ಹೋಗಿ ಎಷ್ಟೋ ವರ್ಷವಾಯಿತು. ‘ಭಾಷಣ ಸ್ಪರ್ಧೆ, ದ್ವಿತೀಯ ಬಹುಮಾನ’ ಎಂಬ ಅಕ್ಷರಗಳನ್ನು ಈಗಲೂ ಓದಬಹುದು. ಮನೆಗೆ ಬಂದವರಿಗೆಲ್ಲ ಅವ್ವ ಅದನ್ನು ತೋರಿಸುತ್ತಾಳೆ. ಆಗ ನಾನು ಕಾಫಿ ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿಬಿಡುತ್ತೇನೆ. ಆ ಶೀಲ್ಡ್ ಒಂದು ಸುಳ್ಳಿಗೆ ಸಿಕ್ಕಿದ್ದು ಎಂದು ಅವಳಿಗೆ ಬಿಟ್ಟರೆ ನನಗೆ ಮಾತ್ರ ಗೊತ್ತು.

ಎರಡನೇ ವರ್ಷದ ಬಿ.ಎ.ಯಲ್ಲಿದ್ದಾಗಿನ ಮಾತು. ನಗರದ ಒಂದು ಸಂಸ್ಥೆ ಕಾಲೇಜು ಹುಡುಗ ಹುಡುಗಿಯರಿಗೆ ಭಾಷಣ ಸ್ಪರ್ಧೆ ಇಟ್ಟಿತ್ತು. ವಿಷಯ: ‘ಸ್ವತಂತ್ರ ಉದ್ಯಮ ಮತ್ತು ಯುವಜನ’. ನನಗೆ ಉದ್ಯಮ ಎಂದರೆ ಇನ್ಫೋಸಿಸ್, ಟಾಟಾ, ಅಷ್ಟೇ. ನಮ್ಮ ಮೇಷ್ಟ್ರು ಲೈಬ್ರರಿಯ ಮೂಲೆಯಿಂದ ತೆಳ್ಳನೆಯ ಒಂದಷ್ಟು ಇಂಗ್ಲಿಷ್ ಕಿರುಪುಸ್ತಿಕೆಗಳನ್ನು ತೆಗೆದುಕೊಟ್ಟರು. ಮುಂಬೈನ ‘ಫೋರಂ ಆಫ್ ಫ್ರೀ ಎಂಟರ್‌ಪ್ರೈಸ್’ ಪ್ರಕಟಿಸಿದವು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದು ವಾರ ಓದಿದೆ.

ಆ ಫೋರಂ ಶುರುವಾದದ್ದು 1956ರಲ್ಲಿ. ಶುರು ಮಾಡಿದವರು ಎ.ಡಿ. ಶ್ರಾಫ್. 1944ರಲ್ಲಿ ಉದ್ಯಮಿಗಳೆಲ್ಲ ಸೇರಿ ಬರೆದ ‘ಬಾಂಬೆ ಪ್ಲಾನ್’ಗೆ ಸಹಿ ಹಾಕಿದವರಲ್ಲಿ ಒಬ್ಬರು. ಆಗ ಕಾರ್ಖಾನೆ ತೆರೆಯಲು, ಅದನ್ನು ದೊಡ್ಡದು ಮಾಡಲು, ಯಂತ್ರ ತರಿಸಲು, ಎಲ್ಲಕ್ಕೂ ದೆಹಲಿಯ ಅಪ್ಪಣೆ ಬೇಕಿತ್ತು. ಸರ್ಕಾರವೇ ಎಲ್ಲ ಮಾಡಬೇಕು ಎನ್ನುವ ಗಾಳಿ ಬೀಸುತ್ತಿದ್ದ ಕಾಲದಲ್ಲಿ, ಜನರಿಗೂ ಒಂದಿಷ್ಟು ಬಿಡಿ ಎಂದು ಹೇಳಲು ಹುಟ್ಟಿದ ಸಂಸ್ಥೆ ಅದು. ಚುನಾವಣೆಗೆ ನಿಲ್ಲಲಿಲ್ಲ, ಮೆರವಣಿಗೆ ಮಾಡಲಿಲ್ಲ. ಉಪನ್ಯಾಸ ಏರ್ಪಡಿಸಿತು, ಪುಸ್ತಿಕೆ ಅಚ್ಚು ಹಾಕಿಸಿತು, ವಿದ್ಯಾರ್ಥಿಗಳಿಗೆ ಪ್ರಬಂಧ ಮತ್ತು ಭಾಷಣದ ಸ್ಪರ್ಧೆ ಇಟ್ಟಿತು. ಶ್ರಾಫ್ ಹೆಸರಿನಲ್ಲಿ, ಮುಂದೆ ನಾನಿ ಪಾಲ್ಖಿವಾಲಾ ಹೆಸರಿನಲ್ಲಿ, ಸ್ಮಾರಕ ಉಪನ್ಯಾಸಗಳು ನಡೆದುಬಂದವು. ಈ ಎಲ್ಲ ಕೆಲಸವನ್ನು ದಶಕಗಳ ಕಾಲ ಬೆನ್ನ ಮೇಲೆ ಹೊತ್ತವರು ಎಂ.ಆರ್. ಪೈ. ಬ್ಯಾಂಕಿನಲ್ಲಿ ದುಡ್ಡಿಟ್ಟ ಸಾಮಾನ್ಯರ ಪರವಾಗಿಯೂ ಹೋರಾಡಿದವರು.

ನನ್ನನ್ನು ಹಿಡಿದು ಕೂರಿಸಿದ್ದು ಪಾಲ್ಖಿವಾಲಾರ ಬಜೆಟ್ ಭಾಷಣದ ಕತೆ. 1958ರಲ್ಲಿ ಮುಂಬೈನ ಗ್ರೀನ್ಸ್ ಹೋಟೆಲಿನ ಸಣ್ಣ ಹಾಲ್‌ನಲ್ಲಿ ಆರಂಭವಾದ ಭಾಷಣ. ಪ್ರತಿ ವರ್ಷ ಬಜೆಟ್ ಬಂದ ಕೆಲವೇ ದಿನಗಳಲ್ಲಿ ಆ ವಕೀಲರು ನಿಂತು, ಚೀಟಿ ನೋಡದೆ, ಅಂಕಿಅಂಶಗಳನ್ನು ಬಾಯಿಂದಲೇ ಹೇಳುತ್ತಿದ್ದರಂತೆ. ಹಾಲ್ ಸಾಲದಾಯಿತು. ಕೊನೆಗೆ ಬ್ರಬೋರ್ನ್ ಕ್ರಿಕೆಟ್ ಸ್ಟೇಡಿಯಮ್ಮೇ ಬೇಕಾಯಿತು. ತೆರಿಗೆಯ ವಿಷಯ ಕೇಳಲು ಜನ ಸ್ಟೇಡಿಯಂ ತುಂಬಿದ್ದು! 1973-74ರ ಹೊತ್ತಿಗೆ ಆದಾಯ ತೆರಿಗೆಯ ಅತಿ ಮೇಲಿನ ದರ ಶೇ. 97.75 ಇತ್ತು. ಆ ಮೆಟ್ಟಿಲು ಹತ್ತಿದವನು ಮುಂದಿನ ನೂರು ರೂಪಾಯಿ ದುಡಿದರೆ ಕೈಗೆ ಉಳಿಯುವುದು ಎರಡು ಕಾಲು ರೂಪಾಯಿ. ಇದನ್ನು ಓದಿದಾಗ ‘ಅಬ್ಬಾ, ಅನ್ಯಾಯ’ ಎಂದುಕೊಂಡೆ. ನಮ್ಮ ಬೀದಿಯಲ್ಲಿ ಯಾರೂ ಆದಾಯ ತೆರಿಗೆ ಕಟ್ಟುವಷ್ಟು ವ್ಯಾಪಾರ ಮಾಡುತ್ತಿರಲಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ನಮ್ಮದು ಅಶೋಕಪುರಂ. ಮೊದಲು ಆದಿಕರ್ನಾಟಕಪುರಂ ಎಂದಿತ್ತು. ಮೈಸೂರಿನಲ್ಲಿ ಈ ಹೆಸರು ಹೇಳಿದರೆ ಬೇರೆ ಜಾತಿ ಪತ್ರ ಬೇಡ. ತಾತ ಇಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿ. ಬೆಳಗ್ಗೆ ಸೈರನ್ ಕೂಗಿದರೆ ನಮ್ಮ ಬೀದಿಯ ಅರ್ಧ ಗಂಡಸರು ಡಬ್ಬಿ ಹಿಡಿದು ಹೊರಡುತ್ತಿದ್ದರಂತೆ. ತಿಂಗಳಿಗೆ ಸಂಬಳ, ಕೊನೆಗೆ ಪಿಂಚಣಿ, ಮೇಲೆ ಯೂನಿಫಾರ್ಮಿನ ಮರ್ಯಾದೆ. ಮನೆಗೆ ಹೆಣ್ಣು ಕೇಳಲು ಬಂದವರು ಕೇಳುತ್ತಿದ್ದದ್ದು ಒಂದೇ, ‘ಹುಡುಗ ಸರ್ಕಾರಿ ಕೆಲಸದಲ್ಲಿದ್ದಾನಾ?’ ಬಿಸಿನೆಸ್ ಮಾಡುತ್ತಾನೆ ಎಂದರೆ ಕೆಲಸ ಇಲ್ಲ ಎಂದೇ ಲೆಕ್ಕ.

ಮೈಸೂರಿನ ಉದ್ಯಮವೇ ಹಾಗೆ ಬೆಳೆದದ್ದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ 1913ಕ್ಕೆ ಮೈಸೂರು ಬ್ಯಾಂಕ್ ಬಂತು, ಗಂಧದೆಣ್ಣೆಯ ಕಾರ್ಖಾನೆ ಬಂತು, ಭದ್ರಾವತಿಯ ಕಬ್ಬಿಣಕ್ಕೆ ಬುನಾದಿ ಬಿತ್ತು. ರೇಷ್ಮೆ ನೇಯುವ ಕಾರ್ಖಾನೆಯನ್ನು ಅರಮನೆಯೇ 1912ರಲ್ಲಿ ತೆರೆದಿತ್ತು. ಹೆಚ್ಚಿನದಕ್ಕೆ ಸರ್ಕಾರದ್ದೇ ದುಡ್ಡು, ಸರ್ಕಾರದ್ದೇ ಗೇಟು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಿಸಲು ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ದಿವಾನಗಿರಿ ಬಿಟ್ಟರು. ಕಾರ್ಖಾನೆ ಕಟ್ಟಿದವರು ಅವರು, ಅದರ ಗೇಟಿನೊಳಗೆ ಬರಲು ದಾರಿ ಕೇಳಿದವರು ನಾವು. ನಮ್ಮ ಊರಲ್ಲಿ ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಅವ್ವನ ವ್ಯಾಪಾರಕ್ಕೆ ಬರುತ್ತೇನೆ. ಅಪ್ಪನಿಗೆ ವರ್ಕ್‌ಶಾಪು ಸಿಗಲಿಲ್ಲ, ಆಟೊ ಓಡಿಸುತ್ತಿದ್ದ. ನನ್ನ ಪಿ.ಯು.ಸಿ. ಫೀಸಿಗೆ ಪರದಾಡಿದ ವರ್ಷ ಅವ್ವ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿ ಸಾರಿನ ಪುಡಿ ಮಾಡಲು ಶುರು ಮಾಡಿದಳು. ಧನಿಯ, ಮೆಣಸಿನಕಾಯಿ, ಜೀರಿಗೆ, ಮೆಂತ್ಯ ಬೇರೆ ಬೇರೆ ಹುರಿದು, ಮಿಲ್ಲಿಗೆ ಹಾಕಿಸಿ, ಆರಿಸಿ, ಜರಡಿ ಹಿಡಿದು, ಕಾಲು ಕೆ.ಜಿ. ಪೊಟ್ಟಣ ಕಟ್ಟುತ್ತಿದ್ದಳು. ಬೀದಿಯವರೆಲ್ಲ ಕೊಂಡರು. ಪಿಗ್ಮಿಯವನು ಸಂಜೆ ಬಂದರೆ ದಿನಕ್ಕೆ ಇಪ್ಪತ್ತು ರೂಪಾಯಿ ಕಟ್ಟುವಷ್ಟಾಯಿತು. ಆದರೆ ಎಲ್ಲರೂ ಕಷ್ಟದಲ್ಲಿರುವ ಬೀದಿಯಲ್ಲಿ ವ್ಯಾಪಾರ ಎಷ್ಟು ಬೆಳೆದೀತು? ಅರ್ಧ ಉದ್ರಿ. ಬೆಳೆಯಬೇಕಾದರೆ ಬಡಾವಣೆ ದಾಟಬೇಕಿತ್ತು.

ದಾಟಿದಳು. ಪಕ್ಕದ ಬಡಾವಣೆಯೊಂದರ ದಿನಸಿ ಅಂಗಡಿಗೆ ಐವತ್ತು ಪೊಟ್ಟಣ ಹಾಕಿದಳು. ಆಹಾರ ಸುರಕ್ಷತೆಯ ಕಾನೂನು 2011ರಿಂದ ಜಾರಿಗೆ ಬಂದಿತ್ತು. ಸಣ್ಣವರಿಗೆ ವರ್ಷಕ್ಕೆ 100 ರೂಪಾಯಿಯ ನೋಂದಣಿ. ಪೊಟ್ಟಣದ ಮೇಲೆ ತೂಕ, ತಾರೀಖು, ತಯಾರಿಸಿದವರ ಹೆಸರು, ಪೂರ್ತಿ ವಿಳಾಸ ಇರಬೇಕು. ಅವ್ವ ಎಲ್ಲವನ್ನೂ ಅಚ್ಚು ಹಾಕಿಸಿದ್ದಳು. ಹದಿನೈದು ದಿನ ಬಿಟ್ಟು ಹೋದರೆ ನಲವತ್ತೊಂದು ಪೊಟ್ಟಣ ಹಾಗೇ ಇದ್ದವು.

ಅಂಗಡಿಯವರು ಕೆಟ್ಟವರಲ್ಲ. ‘ಪುಡಿ ಒಳ್ಳೇದೇ ಕಣಮ್ಮ, ನಮ್ಮ ಮನೇಲೂ ತಗೊಂಡೋ. ಆದ್ರೆ ಜನ ತಿರುಗಿಸಿ ಹಿಂದೆ ಓದ್ತಾರೆ’ ಎಂದರು.

ಹಿಂದೆ ಇದ್ದದ್ದು ವಿಳಾಸ.

ದಾರಿಯಲ್ಲಿ ಅವ್ವ ಏನೂ ಮಾತಾಡಲಿಲ್ಲ. ಉಪಾಯ ಹೇಳಿದ್ದು ನಾನು. ಚಿಕ್ಕಪ್ಪ ಆಗ ಬೇರೊಂದು ಬಡಾವಣೆಯಲ್ಲಿ ಬಾಡಿಗೆಗಿದ್ದ. ನೋಂದಣಿಯನ್ನು ಅವನ ಮನೆಗೆ ಬದಲಾಯಿಸಿ, ಪೊಟ್ಟಣದ ಮೇಲೆ ಅದೇ ವಿಳಾಸ ಹಾಕಿಸಿದೆವು. ಹುರಿದದ್ದು, ಕುಟ್ಟಿದ್ದು, ಕಟ್ಟಿದ್ದು ಎಲ್ಲ ಅಶೋಕಪುರದಲ್ಲೇ. ಅದು ತಪ್ಪು ಎಂದು ನನಗೆ ಗೊತ್ತಿತ್ತು. ಪುಡಿ ಖರ್ಚಾಯಿತು. ಐವತ್ತಕ್ಕೆ ನೂರಾಯಿತು. ಎರಡು ಅಂಗಡಿ ನಾಲ್ಕಾದವು.

ಭಾಷಣಕ್ಕೆ ನಾನು ಆರಿಸಿಕೊಂಡ ಉದಾಹರಣೆ ಇದೇ. ಒಬ್ಬ ತಾಯಿ, ಸಂಘದ ಸಾಲ, ಐವತ್ತು ಪೊಟ್ಟಣದಿಂದ ನೂರು ಪೊಟ್ಟಣ. ಪರಿಶ್ರಮ ಇದ್ದರೆ ಮಾರುಕಟ್ಟೆ ಯಾರಿಗೂ ಬಾಗಿಲು ಮುಚ್ಚುವುದಿಲ್ಲ, ಅದಕ್ಕೆ ಜಾತಿ ಗೊತ್ತಿಲ್ಲ, ರುಚಿ ಗೊತ್ತು ಎಂದು ಕೈ ಎತ್ತಿ ಹೇಳಿದೆ. ಚಪ್ಪಾಳೆ ಬಿತ್ತು. ಇಳಿಯುವಾಗ ತೀರ್ಪುಗಾರರೊಬ್ಬರು ಪ್ರೀತಿಯಿಂದ, ‘ಯಾವ ಕಡೆಯಮ್ಮ ನಿಮ್ಮ ಮನೆ? ನಾವೂ ತಗೋತೀವಿ’ ಎಂದರು. ನಾನು ಚಿಕ್ಕಪ್ಪನ ಬಡಾವಣೆಯ ಹೆಸರು ಹೇಳಿದೆ. ಹೇಳಿ, ಹಿಂದಿನ ಸಾಲಿನಲ್ಲಿ ಕೂತಿದ್ದ ಅವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಬಸ್ಸಿನಲ್ಲಿ ಒಂದೇ ಮಾತು ಕೇಳಿದಳು. ‘ಸ್ವತಂತ್ರ ಉದ್ಯಮ ಅಂದ್ಯಲ್ಲ, ಏನವ್ವ ಹಂಗಂದ್ರೆ?’

‘ಯಾರ ಅಪ್ಪಣೆನೂ ಬೇಡ್ದೆ ವ್ಯಾಪಾರ ಮಾಡೋದು.’

‘ಹಂಗಾದ್ರೆ ನಾನು ಮಾಡ್ತಿರೋದು ಅದಲ್ಲ ಬಿಡು’ ಎಂದಳು.

ಆಮೇಲೆ ಗ್ರಾಮೀಣ ಪತ್ರಿಕೋದ್ಯಮ ಓದಲು ಹೋದೆ. (ಇದರಲ್ಲೂ ‘ಉದ್ಯಮ’ ಇದೆ, ಸಂಬಳ ಎಷ್ಟು ಎಂದು ಅವ್ವ ಈಗಲೂ ಕೇಳುತ್ತಾಳೆ.) ಆ ಪುಸ್ತಿಕೆಗಳ ಹಿಂದಿನ ಜನರನ್ನು ಮತ್ತೆ ಓದಿದೆ. ಪಾಲ್ಖಿವಾಲಾ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ಆಗುವುದಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಹೆಸರಿನ ಮೊಕದ್ದಮೆ ವಾದಿಸಿದವರು ಅವರೇ. 1973ರ ಏಪ್ರಿಲ್ 24ರ ಆ ತೀರ್ಪಿನಿಂದಾಗಿ ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಅಳಿಸುವಂತಿಲ್ಲ ಎಂದಾಯಿತು. ಇಂದು ಸಂವಿಧಾನ ಉಳಿಸಿ ಎಂದು ನಮ್ಮ ಬೀದಿಯಲ್ಲಿ ಕೂಗುವವರು ಅದೇ ತೀರ್ಪನ್ನು ನೆಚ್ಚಿಕೊಂಡಿದ್ದಾರೆ. ಮಂಡಲ್ ವರದಿಯ ಮೀಸಲಾತಿ ಸುಪ್ರೀಂ ಕೋರ್ಟಿಗೆ ಬಂದಾಗ ಅದರ ವಿರುದ್ಧ ವಾದಿಸಿದವರಲ್ಲಿಯೂ ಅವರಿದ್ದರು. 1992ರಲ್ಲಿ ಕೋರ್ಟು ಹಿಂದುಳಿದ ವರ್ಗಗಳ ಶೇ. 27ನ್ನು ಎತ್ತಿಹಿಡಿಯಿತು. ಸರ್ಕಾರದ ಸರಪಳಿಯನ್ನು ಅಷ್ಟು ಸ್ಪಷ್ಟವಾಗಿ ಕಂಡ ಕಣ್ಣಿಗೆ ಸಮಾಜದ ಸರಪಳಿ ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲವೇಕೆ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಅತ್ತ ಅಂಬೇಡ್ಕರ್ ಕೂಡ ಸುಲಭಕ್ಕೆ ಒಂದು ಕಡೆಗೆ ಸಿಗುವವರಲ್ಲ. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಬರೆದ ಅರ್ಥಶಾಸ್ತ್ರಜ್ಞ. 1947ರಲ್ಲಿ ಮುಖ್ಯ ಕೈಗಾರಿಕೆಗಳು ಸರ್ಕಾರದ ಕೈಯಲ್ಲಿರಲಿ ಎಂದು ಬರೆದರು. ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನದ 19(1)(ಜಿ) ವಿಧಿ, ಯಾವ ವೃತ್ತಿಯನ್ನಾದರೂ ವ್ಯಾಪಾರವನ್ನಾದರೂ ಮಾಡುವ ಹಕ್ಕನ್ನು ಪ್ರಜೆಗಳಿಗೆ ಕೊಟ್ಟಿತು. ಅಪ್ಪನ ಕಸುಬನ್ನೇ ಮಗ ಮಾಡಬೇಕು ಎಂಬ ಕಟ್ಟು ಸಾವಿರಾರು ವರ್ಷ ಇದ್ದ ದೇಶದಲ್ಲಿ ಇದು ಸಣ್ಣ ಸಾಲಲ್ಲ. ಉದ್ಯಮಿಗಳ ಉಪನ್ಯಾಸಕ್ಕಿಂತ ಮುಂಚೆಯೇ ನಮಗೆ ಬಂದ ಸ್ವತಂತ್ರ ಉದ್ಯಮದ ಪಾಠ ಅದು.

15ನೇ ವಿಧಿ ನಮಗೆ ಯಾರ ಅಂಗಡಿಗೂ ಹೋಗುವ ಹಕ್ಕು ಕೊಟ್ಟಿತು. ಆದರೆ ಅವರು ನಮ್ಮ ಅಂಗಡಿಗೆ ಬರಬೇಕು, ನಮ್ಮ ಕೈಯ ಪುಡಿಯಲ್ಲಿ ಸಾರು ಮಾಡಿಕೊಳ್ಳಬೇಕು ಎಂದು ಯಾವ ವಿಧಿ ಬರೆಯಲು ಸಾಧ್ಯ? ಕೊಳ್ಳದೇ ಇರುವುದೂ ಗಿರಾಕಿಯ ಸ್ವಾತಂತ್ರ್ಯವೇ ತಾನೆ? ನನ್ನ ಭಾಷಣ ಎಡವಿದ್ದು ಇಲ್ಲಿ. ಲೈಸೆನ್ಸು ಕೊಡುವ ಅಧಿಕಾರಿಯ ಕೈಯಲ್ಲಿ ಕಾಗದ ಇರುತ್ತದೆ, ಅದರ ವಿರುದ್ಧ ಕೋರ್ಟಿಗೆ ಹೋಗಬಹುದು. ಪೊಟ್ಟಣ ತಿರುಗಿಸಿ ಓದಿ ಸುಮ್ಮನೆ ಕೆಳಗಿಡುವ ಕೈಯ ಮೇಲೆ ಯಾರಿಗೆ ದೂರು ಕೊಡುವುದು?

ಹಾಗೆಂದು ಉದ್ಯಮದ ಮಾತೆಲ್ಲ ಉಳ್ಳವರದ್ದು, ನಮಗೆ ನೌಕರಿಯೇ ಗತಿ ಎಂದು ಹೇಳಲೂ ನನಗೆ ಮನಸ್ಸಿಲ್ಲ. ಅವ್ವ ಸಂಜೆ ಕಟ್ಟುತ್ತಿದ್ದ ಪಿಗ್ಮಿಯನ್ನು ಮೊದಲು ತಂದದ್ದು ಉಡುಪಿಯಲ್ಲಿ ಹುಟ್ಟಿದ ಖಾಸಗಿ ಬ್ಯಾಂಕು. ಮುಂದೆ ಸಿಂಡಿಕೇಟ್ ಆದದ್ದು. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು. ದಲಿತ ಉದ್ಯಮಿಗಳೇ 2005ರಲ್ಲಿ ತಮ್ಮದೊಂದು ವಾಣಿಜ್ಯ ಮಂಡಳಿ ಕಟ್ಟಿಕೊಂಡರು. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆ, ಪ್ರತಿ ಬ್ಯಾಂಕ್ ಶಾಖೆಯೂ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕು ಎಂದಿತು. ಅವ್ವನಂಥವರಿಗೆ ಅದು ದೊಡ್ಡ ಮೆಟ್ಟಿಲು. ಹತ್ತು ಲಕ್ಷದ ಮಾತು ಬಿಡಿ, ಹತ್ತು ಸಾವಿರಕ್ಕೂ ಜಾಮೀನು ಹಾಕುವವರು ನಮ್ಮಲ್ಲಿ ಕಡಿಮೆ. ಆದರೂ ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಕೆಲಸ ಸಿಗುವ ಕಾಲ ಹೋಯಿತು. ಮುಂದಿನ ಮಕ್ಕಳು ಏನಾದರೂ ಮಾರಿಯೇ ಬದುಕಬೇಕು.

ಹೋದ ವರ್ಷ ಚಿಕ್ಕಪ್ಪ ಮನೆ ಬದಲಾಯಿಸಿದ. ಹೊಸ ಕವರು ಅಚ್ಚು ಹಾಕಿಸಬೇಕಾಯಿತು. ‘ಈ ಸಲ ಯಾವ ವಿಳಾಸ ಹಾಕ್ಸೋಣ?’ ಎಂದು ಕೇಳಿದೆ. ಒಬ್ಬ ಗೆಳತಿಯ ಮನೆ ಕೂಡ ಮನಸ್ಸಿನಲ್ಲಿತ್ತು. ಅವ್ವ ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

‘ನಮ್ದೇ ಹಾಕ್ಸು. ಮುಂದ್ಗಡೆ ಹಾಕ್ಸು, ಹಿಂದ್ಗಡೆ ಬ್ಯಾಡ. ಜನ ತಿರುಗ್ಸೋ ಕಷ್ಟ ತಪ್ಪಲಿ.’

ನೋಂದಣಿಯನ್ನೂ ಮನೆಗೆ ತಂದೆವು. ಈಗ ಕವರಿನ ಮುಂದೆ, ‘ಸಾರಿನ ಪುಡಿ’ ಎನ್ನುವುದರ ಕೆಳಗೇ, ‘ಅಶೋಕಪುರಂ, ಮೈಸೂರು’ ಎಂದಿದೆ. ನಾಲ್ಕು ಅಂಗಡಿಗಳಲ್ಲಿ ಎರಡು ಬೇಡ ಎಂದವು. ಮೊದಲಿನ ಅಂಗಡಿಯವರು ನೂರರ ಬದಲು ಮೂವತ್ತು ತೆಗೆದುಕೊಳ್ಳುತ್ತಾರೆ, ಆದರೆ ಕೌಂಟರಿನ ಮೇಲೇ ಇಡುತ್ತಾರೆ. ಸಿನಿಮಾದಲ್ಲಾದರೆ ವ್ಯಾಪಾರ ಮತ್ತೆ ಏರಬೇಕಿತ್ತು, ಇನ್ನೂ ಏರಿಲ್ಲ. ಪಿಗ್ಮಿ ಇಪ್ಪತ್ತರಿಂದ ಹತ್ತಕ್ಕೆ ಇಳಿದಿದೆ.

ಉಪನ್ಯಾಸ, ಪ್ರಶಸ್ತಿ, ಯುವಜನರ ಸ್ಪರ್ಧೆ ಎಲ್ಲ ನಡೆಯಲಿ. ಅವುಗಳಿಲ್ಲದಿದ್ದರೆ ನಾನು ಆ ಪುಸ್ತಿಕೆಗಳನ್ನು ಓದುತ್ತಿರಲಿಲ್ಲ, ಜಗಳವಾಡಲೂ ಕಲಿಯುತ್ತಿರಲಿಲ್ಲ. ಒಂದು ವರ್ಷದ ಉಪನ್ಯಾಸವನ್ನು ನಮ್ಮ ಅಂಬೇಡ್ಕರ್ ಪಾರ್ಕಿನಲ್ಲಿ ಇಡಲಿ ಎಂದು ಮಾತ್ರ ಕೇಳುತ್ತೇನೆ. ತೆರಿಗೆಯ ದರದ ಜೊತೆಗೆ, ಹೋಗದೆ ಉಳಿದ ನಲವತ್ತೊಂದು ಪೊಟ್ಟಣಗಳ ಲೆಕ್ಕವನ್ನೂ ಯಾರಾದರೂ ನಿಂತು ಹೇಳಲಿ.

ಮೊನ್ನೆ ನೆಂಟರಿಗೆ ಶೀಲ್ಡ್ ತೋರಿಸುತ್ತಿದ್ದ ಅವ್ವನನ್ನು ತಡೆದು, ‘ಅದನ್ನ ಎತ್ತಿಡವ್ವ, ಅವತ್ತು ನಾನು ಸುಳ್ಳು ಹೇಳಿದ್ದೆ’ ಎಂದೆ.

‘ಗೊತ್ತು ಕಣ್ ಬಿಡು. ಅದ್ಕೇ ಎರಡನೇ ಬಹುಮಾನ ಬಂದಿದ್ದು’ ಎಂದು ನಕ್ಕಳು. ನೆಂಟರು ಹೋದ ಮೇಲೆ, ‘ಸರಿ ವಿಳಾಸ ಹಾಕಿ ಇನ್ನೊಂದ್ಸಲ ಬರಿ’ ಎಂದಳು. ಬರೆದಿದ್ದೇನೆ.