ಛತ್ರಿ ಯಾಕ ಬೇಕು?

ಸವದತ್ತಿಯ ಓಣಿಗಳಲ್ಲಿ ತಲೆ ಎತ್ತಿ ನೋಡ್ರಿ, ಮಾಳಗಿ ಮೇಲಿನ ಡಿಶ್ ಛತ್ರಿಗಳೆಲ್ಲ ಹೆಚ್ಚುಕಡಿಮೆ ಆಗ್ನೇಯಕ್ಕೇ ಮುಖ ಮಾಡಿರತಾವ. ಅವಕ್ಕ ಬೇಕಾದ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಾಗ, ನಮಗಿಂತ ಪೂರ್ವಕ್ಕ ಅದಾವ.

ಕೇಬಲ್ ವಾಯರ್ ಮುಟ್ಟದ ಹೊಲದ ಮನಿಗಳಿಗೆ ಇದು ನಿಜವಾದ ಉಪಕಾರ. ಆದರ ಅಡ್ಡಮಳಿ ಜೋರಾದರ ಚಿತ್ರ ಚೂರುಚೂರಾಗಿ ನಿಂತುಬಿಡತೈತಿ. ಉಪಗ್ರಹದಿಂದ ಛತ್ರಿಗೆ ಬರೋ ಕು-ಬ್ಯಾಂಡ್ ತರಂಗಗಳನ್ನ ಮಳೆಹನಿಗಳು ಹೀರಿ ಚೆದುರಿಸತಾವ. ಅದಕ್ಕ ಮೆಕ್ಯಾನಿಕ್‌ನ ಬೈದು ಉಪಯೋಗಿಲ್ಲ.

ರೊಕ್ಕದ ಮಾತು ಬ್ಯಾರೆ. 2004ರಲ್ಲಿ ಶುರುವಾದ ದೂರದರ್ಶನದ ಫ್ರೀ ಡಿಶ್‌ಗೆ ಒಮ್ಮೆ ಛತ್ರಿ, ಬಾಕ್ಸ್ ಕೊಂಡರ ಸಾಕು, ತಿಂಗಳ ಬಾಡಿಗಿ ಇಲ್ಲ. ಚಂದನ ಬರತೈತಿ, ಹಿಂದಿ ಸಿನೆಮಾ ಬೇಕಾದಷ್ಟು. ಮನಿಮಂದಿ ಕಾಯೋ ಕನ್ನಡ ಸೀರಿಯಲ್‌ಗಳು ಮಾತ್ರ ಹೆಚ್ಚಾಗಿ ರೊಕ್ಕದ ಚಾನೆಲ್‌ನಾಗ. ರಿಚಾರ್ಜ್ ಚಟ ಹತ್ತೂದು ಅಲ್ಲಿಂದಲೇ. ಪ್ರಸಾರದ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2019ರಲ್ಲಿ ಜಾರಿಯಾದ ನಿಯಮದಿಂದ ಬೇಕಾದ ಚಾನೆಲ್ ಅಷ್ಟೇ ಆರಿಸಿಕೊಳ್ಳಬಹುದು ಅಂದರು. ಖರೇನ, ಕುಂತು ಆರಿಸಿದವರು ಎಷ್ಟು ಮಂದಿ? ಅಂಗಡಿಯವ ಹಾಕಿಕೊಟ್ಟ ಪ್ಯಾಕೇ ವರ್ಷಗಟ್ಟಲೆ ನಡೀತೈತಿ. ಯಾರೂ ನೋಡದ ಚಾನೆಲ್ಲಿಗೂ ರೊಕ್ಕ.

ಸಂಜಿ ಏಳರಿಂದ ಹತ್ತರ ತನಕ ರಿಮೋಟಿನ ಜಗಳ ಇದ್ದದ್ದೇ. ನನಗ ಆ ಜಗಳ ಅಷ್ಟು ಕೆಟ್ಟದ್ದು ಅನಿಸೂದಿಲ್ಲ. ಮೊಬೈಲ್ ಹಿಡಿದವರು ಒಂದೊಂದು ಮೂಲಿ ಸೇರತಾರ, ಟಿವಿ ಮುಂದಾದರೂ ಎಲ್ಲಾರೂ ಒಂದೇ ಖೋಲಿಯೊಳಗ ಕೂಡತಾರ. ಹುಡುಗರ ಪರೀಕ್ಷಾ ತಿಂಗಳಾಗ ಮಾತ್ರ ರಿಚಾರ್ಜ್ ಮಾಡಿಸಬ್ಯಾಡ್ರಿ. ಮೊದಲು ತಕರಾರು ತೆಗೆಯೋರು ಹುಡುಗರಲ್ಲ, "ನಾ ಸೀರಿಯಲ್ ನೋಡೂದಿಲ್ಲ" ಅನ್ನೋ ಮನಿ ಹಿರ್ಯಾರು.