ಅಪ್ಪಯ್ಯನ ಟೂ-ಟೂ ರೈಫಲ್ಲು

ಅಪ್ಪಯ್ಯ ತೀರಿಕೊಂಡ ಮೇಲೆ ಪಾಲುಪಟ್ಟಿಯ ಮಾತು ಬಂತು. ಅಣ್ಣಂದಿರಿಬ್ಬರೂ ತೋಟ, ಕಣ, ತಾಮ್ರದ ಹಂಡೆ, ತಪ್ಪಲೆಯವರೆಗೆ ಎಲ್ಲವನ್ನೂ ಮಾತಾಡಿದರು. ಯಾರೂ ಬಾಯಿ ಬಿಡದೆ ಉಳಿದದ್ದು ಒಂದೇ ವಸ್ತು, ಅಪ್ಪಯ್ಯನ ಪಾಯಿಂಟ್ 22 ರೈಫಲ್ಲು. ಜನರ ಬಾಯಲ್ಲಿ ಅದು 'ಟೂ-ಟೂ'. ದೊಡ್ಡಣ್ಣಯ್ಯ ಬೆಂಗಳೂರಿನ ಫ್ಲಾಟಿನಲ್ಲಿರುವವನು, ಅವನಿಗೆ ಬೇಡ. ಚಿಕ್ಕಣ್ಣಯ್ಯನಿಗೆ ತೋಟ ಕಾಯಲು 12 ಬೋರಿನ ಜೋಡುನಳಿಗೆ ಕೋವಿ ಆಗಲೇ ಇದೆ. "ನೀನೇ ತಗೊಳ್ಳೇ, ಕಾಲೇಜಲ್ಲಿ ಗುಂಡು ಹೊಡೀತಿದ್ದೋಳು ನೀನೇ ಅಲ್ವಾ!" ಅಂತ ಇಬ್ಬರೂ ನಕ್ಕರು. ಅವರು ನಗೆಗೆ ಅಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡೆ.

ಹೊಡೀತಿದ್ದದ್ದಂತೂ ನಿಜ. 1980ರ ದಶಕದಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ. ಕ್ಯಾಂಪಿನಲ್ಲಿ ನೆಲದ ಮೇಲೆ ಬೋರಲು ಮಲಗಿಸಿ, ಎಣಿಸಿ ಐದೇ ತೋಟಾ ಕೊಡೋರು. ಆ ಐದು ಗುಂಡು ಹೊಡೆಯುವಾಗ ಉಸಿರು ಬಿಗಿಹಿಡಿದು, ಮನೆ, ಪರೀಕ್ಷೆ, ನೋಡಲು ಬರುವ ಗಂಡಿನ ಕಡೆಯವರು ಯಾವುದೂ ತಲೆಯಲ್ಲಿ ಇಲ್ಲದೆ ಇರುತ್ತಿದ್ದೆನಲ್ಲ, ಆ ಎರಡು ನಿಮಿಷದ ಸುಖ ಮೂವತ್ತೈದು ವರ್ಷವಾದರೂ ಮರೆತಿರಲಿಲ್ಲ. ಮಕ್ಕಳು ರೆಕ್ಕೆ ಬಲಿತು ಹಾರಿದ್ದಾರೆ. ಮಧ್ಯಾಹ್ನ ನನ್ನದೇ. ಗುರಿ ಅಭ್ಯಾಸ ಯಾಕೆ ಮಾಡಬಾರದು?

"ಈ ವಯಸ್ಸಲ್ಲಿ ಇದೊಂದು ಬಾಕಿ ಇತ್ತು" ಅಂದರು ನಮ್ಮೆಜಮಾನರು. ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಮೊಮ್ಮಗಳ ಜೊತೆಗೆಂದು ಹೋಗಿ ಪಿಸ್ತೂಲು ಹಿಡಿದದ್ದು ಅರವತ್ತು ದಾಟಿದ ಮೇಲೆ, ತಲೆ ಮೇಲಿನ ಸೆರಗು ಜಾರದ ಹಾಗೆ. 2021ರಲ್ಲಿ ತೀರಿಕೊಂಡರು, ಪಾಪ. ಆ ಅಜ್ಜಿಯ ಹೆಸರು ಹೇಳಿದೆ, ಇವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಆದರೆ ಅಪ್ಪಯ್ಯನ ರೈಫಲ್ಲು ಇಟ್ಟುಕೊಳ್ಳುವುದೋ, ಅಂಗಡಿಯಲ್ಲಿ ಸಿಗುವ ಏರ್ ರೈಫಲ್ ಕೊಳ್ಳುವುದೋ? ಮೈಸೂರಿನ ನನ್ನ ಗೆಳತಿಯ ಮಗಳು ರೈಫಲ್ ಕ್ಲಬ್ಬಿಗೆ ಹೋಗುವವಳು. ಅವಳು ಕೂರಿಸಿಕೊಂಡು ಹೇಳಿದ್ದನ್ನು ನಿಮಗೂ ಹೇಳುತ್ತೇನೆ.

ಟೂ-ಟೂ ಅಂದರೆ ನಿಜವಾದ ಬಂದೂಕು. ಅದರ ತೋಟಾದ ತಳದ ಅಂಚಿನೊಳಗೇ ಕಿಡಿ ಹತ್ತಿಸುವ ಮದ್ದಿರುತ್ತದೆ. ಮುಳ್ಳು ಬಂದು ಅಂಚಿಗೆ ಬಡಿದರೆ ಕಿಡಿ ಹತ್ತಿ, ಒಳಗಿನ ಮದ್ದು ಉರಿದು, ಎರಡೂವರೆ ಗ್ರಾಮ್ ಚಿಲ್ಲರೆ ತೂಕದ ಸೀಸ ಹೊರಗೆ ಹಾರುತ್ತದೆ. ಒಮ್ಮೆ ಹೊಡೆದ ತೋಟಾ ಮತ್ತೆ ಕೆಲಸಕ್ಕೆ ಬಾರದು. ನೋಡಲು ಕಿರುಬೆರಳಿನ ತುದಿಯಷ್ಟು, ಆದರೆ ತೋಟಾದ ಪೆಟ್ಟಿಗೆಯ ಮೇಲೇ ಒಂದೂವರೆ ಮೈಲಿಯವರೆಗೆ ಅಪಾಯವೆಂದು ಅಚ್ಚಾಗಿರುತ್ತದೆ. ಊರ ನಡುವಿನ ಹಿತ್ತಲಲ್ಲಿ ನಿಂತು ಹೊಡೆಯುವ ವಸ್ತುವಲ್ಲ. 50 ಮೀಟರಿನ, ಹಿಂದೆ ಎತ್ತರದ ಮಣ್ಣಿನ ದಿಬ್ಬವಿರುವ ಮೈದಾನ ಬೇಕು. ನಮ್ಮಂಥ ಊರಲ್ಲಿ ಎಲ್ಲಿಂದ ತರೋಣ!

ಏರ್ ರೈಫಲ್ಲಿನಲ್ಲಿ ಮದ್ದಿಲ್ಲ, ಹೊಗೆಯಿಲ್ಲ. ನಳಿಗೆಯನ್ನು ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಕುದುರೆ ಎಳೆದರೆ ಸ್ಪ್ರಿಂಗ್ ಹಾರಿ ಗಾಳಿಯನ್ನು ಒತ್ತಿ, ಅರ್ಧ ಗ್ರಾಮಿನ ಪೆಲೆಟ್ಟನ್ನು ದೂಡುತ್ತದೆ. ಸೈಕಲ್ ಪಂಪಿನ ಅಣ್ಣ ಅನ್ನಿ. ಸ್ಪರ್ಧೆಗಳಲ್ಲಿ ಈಗ ಮೊದಲೇ ಗಾಳಿ ತುಂಬಿಟ್ಟ ಸಿಲಿಂಡರಿನವು ಬಂದಿವೆ, ಬೆಲೆ ಕೇಳಿದರೆ ಚಿನ್ನದ ಬಳೆ ನೆನಪಾಗುತ್ತದೆ. ಮನೆಯ ಅಭ್ಯಾಸಕ್ಕೆ ಸ್ಪ್ರಿಂಗಿನದೇ ಸಾಕು.

ಏರ್ ರೈಫಲ್ ಅಂದರೆ ಮಕ್ಕಳಾಟ ಅಂತ ನಾನೂ ಅಂದುಕೊಂಡಿದ್ದೆ. ಆ ಹುಡುಗಿ ನಕ್ಕಳು. "ಆಂಟಿ, 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಇದರಲ್ಲೇ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರ್ 2004ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದದ್ದೂ ಇದರಲ್ಲೇ!" 10 ಮೀಟರಿನ ಕಾರ್ಡಿನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ಗಸಗಸೆ ಕಾಳಿಗಿಂತ ಚಿಕ್ಕದು. ಟೂ-ಟೂವಿನ 50 ಮೀಟರ್ ಕಾರ್ಡಿನಲ್ಲಾದರೋ ಅದು ಶರ್ಟಿನ ಗುಂಡಿಯಷ್ಟಿರುತ್ತದೆ, ಆದರೆ ದೂರ ಐದು ಪಟ್ಟು, ಜೊತೆಗೆ ಗಾಳಿಯ ಕಾಟ. 2024ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ತಂದದ್ದು ಆ 50 ಮೀಟರಿನಲ್ಲಿ. ಇನ್ನೊಂದು ವಿಷಯ ನನಗೆ ಹೊಸದು: ಪೆಲೆಟ್ ನಿಧಾನವಾಗಿ ಹೋಗುವುದರಿಂದ, ಕುದುರೆ ಎಳೆದ ಮೇಲೂ ಕೈ ಒಂದಿಷ್ಟು ಅಲುಗಿದರೆ ಕಾರ್ಡಿನ ಮೇಲೆ ಚಾಡಿ ಹೇಳಿಬಿಡುತ್ತದೆ. ಟೂ-ಟೂ ಇಷ್ಟು ಕಟ್ಟುನಿಟ್ಟಲ್ಲ.

ಕಾನೂನಿನ ಮಾತು ಬೇರೆಯೇ ಇದೆ. ಲೈಸೆನ್ಸುದಾರರು ತೀರಿಕೊಂಡರೆ ಅವರ ಬಂದೂಕನ್ನು ಹಾಗೇ ಬೀರುವಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಗೋ ಲೈಸೆನ್ಸ್ ಇರುವ ಬಂದೂಕಿನ ವ್ಯಾಪಾರಿಗೋ ಒಪ್ಪಿಸಬೇಕು. (ನಿಮ್ಮ ತವರಲ್ಲೂ ಹೀಗೊಂದು ಮೂಲೆಯಲ್ಲಿ ನಿಂತಿದ್ದರೆ ದಯವಿಟ್ಟು ಇವತ್ತೇ ವಿಚಾರಿಸಿ.) ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬಹುದು, ಹೆಣ್ಣುಮಕ್ಕಳೂ ಕೇಳಬಹುದು. ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಪೊಲೀಸರ ವಿಚಾರಣೆ, ಡಿಸಿ ಆಫೀಸಿನ ಅಲೆದಾಟ ಇದ್ದದ್ದೇ. ಲೈಸೆನ್ಸು ಐದು ವರ್ಷಕ್ಕೊಮ್ಮೆ ನವೀಕರಣ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿಟ್ಟು ರಸೀದಿ ತರುವುದು ನಮ್ಮ ಮಲೆನಾಡಿನವರಿಗೆ ಹೊಸತಲ್ಲ. ಏರ್ ರೈಫಲ್ಲಾದರೆ, ನಳಿಗೆ 0.177 ಅಂಗುಲದ್ದಾಗಿ ಬಲ 20 ಜೌಲ್ ದಾಟದಿದ್ದರೆ, ಲೈಸೆನ್ಸ್ ಬೇಡ. ಗುರುತಿನ ಚೀಟಿ ತೋರಿಸಿ, ರಸೀದಿ ಇಟ್ಟುಕೊಂಡರಾಯಿತು. ಹಾಗೆಂದು ಅಳಿಲು, ಪಾರಿವಾಳಕ್ಕೆ ಗುರಿಯಿಡಬೇಡಿ! 1972ರ ವನ್ಯಜೀವಿ ಕಾಯ್ದೆಗೆ ಏರ್‌ಗನ್ನೂ ಒಂದೇ, ಕೋವಿಯೂ ಒಂದೇ.

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸು ಅಪ್ಪಯ್ಯನ ರೈಫಲ್ಲಿನ ಕಡೆಗೇ. ಅದರ ಮರದ ಹಿಡಿಯಲ್ಲಿ ಅವರ ಕೆನ್ನೆ ತಾಗಿ ನುಣುಪಾದ ಜಾಗವಿದೆ. ಅಲೆದರೆ ಅಲೆದೆ, ಲೈಸೆನ್ಸ್ ಮಾಡಿಸಿಯೇಬಿಡೋಣ ಅಂತ ಅಮ್ಮನಿಗೆ ಹೇಳಲು ಹೋದೆ.

ಅಮ್ಮ ಅವರೆಕಾಳು ಹಿಚುಕುತ್ತಿದ್ದಳು. ಕೈ ನಿಲ್ಲಿಸದೆ ಅಂದಳು: "ನಲವತ್ತು ವರ್ಷ ಅದರ ಬೀಗದ ಕೈ ಕಾದಿದೀನಿ. ಇನ್ನು ನೀನು ಕಾಯ್ತೀಯಾ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. 2001-02ರಲ್ಲಿ ಕಾಫಿ ಬೆಲೆ ನೆಲ ಕಚ್ಚಿತ್ತಲ್ಲ, ಕುಯ್ಲಿನ ಕೂಲಿಯೂ ಹುಟ್ಟದ ಆ ಎರಡು ವರ್ಷ, ಅಪ್ಪಯ್ಯ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಜಗಲಿಯ ಮೇಲೆ ಕೂತಿರುತ್ತಿದ್ದರಂತೆ. ಅಮ್ಮ ಯಾರಿಗೂ ಹೇಳದೆ ತೋಟಾಗಳನ್ನು ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಗಳ ಹಿಂದೆ ಇಟ್ಟು, ಬೀರುವಿನ ಬೀಗದ ಕೈಯನ್ನು ಅಕ್ಕಿ ಡಬ್ಬದಲ್ಲಿ ಹೂತಿದ್ದಳು. ದಿನಾ ಅನ್ನಕ್ಕೆ ಅಕ್ಕಿ ತೆಗೆಯುವಾಗ ಕೈಗೆ ತಾಗುತ್ತದೆಯೇ ಅಂತ ನೋಡಿಕೊಳ್ಳುವುದು. ಅಪ್ಪಯ್ಯ ಒಂದು ದಿನವೂ ಕೇಳಲಿಲ್ಲ. "ಕೇಳ್ಲಿಲ್ಲ ಅನ್ನೋದೇ ನಂಗೆ ಹೆದರಿಕೆ ಆಗಿತ್ತು ಕಣೇ. ಗೊತ್ತಿತ್ತೇನೋ ಅವ್ರಿಗೆ" ಅಂದಳು.

ಆ ವರ್ಷಗಳಲ್ಲಿ ನಾನು ತವರಿಗೆ ಹೋಗಿ ಬಂದಿದ್ದೇನೆ. ಅದೇ ಡಬ್ಬದ ಅಕ್ಕಿಯ ಅನ್ನ ಉಂಡು ಬಂದಿದ್ದೇನೆ.

ನಾನು ರೈಫಲ್ಲು ಬೇಡವೆಂದು ಬರೆದುಕೊಟ್ಟೆ. ಅಮ್ಮ ಹೆದರಿಸಿದಳೆಂದಲ್ಲ. ನಮ್ಮ ಮನೆಯಲ್ಲೂ ಏಳು ಬೀಳು ಇದ್ದದ್ದೇ, ಇವರ ಅಂಗಡಿಯ ವ್ಯಾಪಾರವೂ ಎಲ್ಲ ವರ್ಷ ಒಂದೇ ಥರ ಇರುವುದಿಲ್ಲ. ಹೊಡೆಯಲು ಜಾಗವೂ ಇಲ್ಲದ ಬಂದೂಕನ್ನು ನೆನಪಿಗೆಂದು ಮನೆಯೊಳಗೆ ತಂದಿಟ್ಟುಕೊಂಡು, ನಾನೊಂದು ಅಕ್ಕಿ ಡಬ್ಬ ಹುಡುಕಲಾರೆ. ವ್ಯಾಪಾರಿ ಅದನ್ನು ಲೈಸೆನ್ಸ್ ಇದ್ದವರೊಬ್ಬರಿಗೆ ಮಾರಿಸಿಕೊಟ್ಟರು. ನನ್ನ ಪಾಲಿಗೆ ಬಂದ ಹಣ ಏರ್ ರೈಫಲ್ಲಿಗೆ ಸಾಕಾಗಿ ಉಳಿಯಿತು.

ಈಗ ಹಿತ್ತಲೇ ನನ್ನ ಮೈದಾನ. ಐದೂವರೆ ಮೀಟರಿನ ಎರಡು ಸೀರೆ ಉದ್ದಕ್ಕೆ ಹಾಸಿ, ಎರಡು ಮೊಳಕ್ಕಿಂತ ತುಸು ಹೆಚ್ಚು ಹಿಂದೆ ಸರಿದರೆ ಹತ್ತು ಮೀಟರ್ ಆಯಿತು! ಗೋಡೆಗೆ ದಪ್ಪ ಹಲಗೆ, ಅದರ ಮುಂದೆ ಹಳೆ ಟ್ರಂಕಿನಲ್ಲಿ ಒತ್ತಿ ತುಂಬಿದ ಚಿಂದಿ ಬಟ್ಟೆ, ಅದರ ಮೇಲೆ ಕಾರ್ಡು. ಕಲ್ಲು, ಕಬ್ಬಿಣಕ್ಕೆ ಹೊಡೆದರೆ ಪೆಲೆಟ್ ಪುಟಿದು ಕಣ್ಣಿಗೇ ಬರುತ್ತದೆ, ಕನ್ನಡಕ ಹಾಕದೆ ನಿಲ್ಲಬೇಡಿ. ಹಿತ್ತಲ ಬಾಗಿಲಿಗೆ ಚಿಲಕ ಹಾಕಿಯೇ ಶುರು ಮಾಡುವುದು. ನಳಿಗೆ ಮಡಚಿರುವಾಗ ಬೆರಳು ಕುದುರೆಯ ಹತ್ತಿರ ಹೋಗಕೂಡದು, ಪೆಲೆಟ್ ಇಲ್ಲದೆ ಬರಿದೆ ಎಳೆದರೆ ಸ್ಪ್ರಿಂಗ್ ಹಾಳು. ಮುಖ್ಯವಾದದ್ದು: ಪೆಲೆಟ್ ಸೀಸದ್ದು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಹಿಟ್ಟು ನಾದಲು ಕೂರಬೇಡಿ. ಇದಕ್ಕೂ ಬೀಗವಿದೆ. ಪಕ್ಕದ ಮನೆಯ ಹುಡುಗರು ಬಂದು ಹೋಗುವ ಮನೆ ನಮ್ಮದು.

ಸ್ಪ್ರಿಂಗಿನ ರೈಫಲ್ಲನ್ನು ಬಿಗಿಯಾಗಿ ಅವುಚಿ ಹಿಡಿಯಬಾರದಂತೆ. ಎಳೆಮಗುವನ್ನು ಎತ್ತಿಕೊಂಡ ಹಾಗೆ, ಅಂಗೈ ಮೇಲೆ ಸುಮ್ಮನೆ ಕೂರಿಸಿಕೊಳ್ಳಬೇಕು. ಮೊದಲ ತಿಂಗಳು ಪೆಲೆಟ್ಟು ಕಾರ್ಡು ಬಿಟ್ಟು ಟ್ರಂಕಿನ ಮೂಲೆ ಮೂಲೆಗೆ. ಈಗ ಹತ್ತರಲ್ಲಿ ಏಳೆಂಟು ಒಂದು ಬಳೆಯ ಒಳಗೆ ಬೀಳುತ್ತವೆ. ಅಮ್ಮ ಬಂದಾಗ ಕಾರ್ಡನ್ನು ಬಿಸಿಲಿಗೆ ಹಿಡಿದು, ಕನ್ನಡಕ ಏರಿಸಿಕೊಂಡು ತೂತು ಎಣಿಸುತ್ತಾಳೆ. "ಒಂದು ಕಮ್ಮಿ ಇದೆ ಕಣೇ, ಎಲ್ಹೋಯ್ತು?" ಅಂತ ಟ್ರಂಕಿನ ಕಡೆ ಹುಡುಕುತ್ತಾಳೆ.